ನನಗ ನೀರ ಬೇಕು

ನಿನ್ನೆ ಮುಂಜಾನೆ ನಮ್ಮ ಸೃಷ್ಟಿ ನೀರು ಕೇಳಿದಳು. "ನನಗ ನೀರ ಬೇಕು" ಎಂದಳು. ನನ್ನ ಸೆರಗು ಜಗ್ಗಿ ನನಗೇ ಹೇಳಿದಳು. ಒಂದು ಸಲ ಅಲ್ಲ, ಎರಡು ಸಲ.

ಸುದ್ದಿ ಇಷ್ಟೇ. ಇಷ್ಟು ಬರೆದು ಪೆನ್ನು ಇಟ್ಟುಬಿಟ್ಟರೂ ನನ್ನ ಮಟ್ಟಿಗೆ ಎಲ್ಲ ಹೇಳಿದಂತೆಯೇ. ಆದರೆ ನಿನ್ನೆ ಖುಷಿ ತಡೆಯಲಾರದೆ ಓಣಿ ತುಂಬ ಸಕ್ಕರೆ ಹಂಚಿದೆ. ಓಣಿಯ ತುದಿಗೆ ಹೊಸದಾಗಿ ಬಾಡಿಗೆಗೆ ಬಂದ ಮಾಸ್ತರರ ಹೆಂಡತಿ ಅಂಗೈಯಲ್ಲಿ ಸಕ್ಕರೆ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಏನ ಸುದ್ದಿರಿ? ಲಗ್ನ ಗೊತ್ತಾತೇನ್ರಿ ಯಾರದರೆ?"

"ಇಲ್ಲವಾ. ಮೊಮ್ಮಗಳು ನೀರ ಕೇಳಿದ್ಲು."

"ಎಷ್ಟ ತಿಂಗಳ ಕೂಸ್ರಿ?"

"ಐದ ವರ್ಷ ತುಂಬ್ಯಾವು."

ಆಕೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಬೇಕೋ ಬೇಡವೋ ಎಂದು ನಿಂತಳು. ಅವಳ ಹೊಸ್ತಿಲಲ್ಲಿ ನಿಂತು ನಾನು ಏನೆಂದು ತಿಳಿಸಿ ಹೇಳಲಿ? ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ಯರಗುಪ್ಪಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಅಕ್ಷರ ದುಂಡಗೆ ಬರುವುದಿಲ್ಲ, ಆದರೆ ಬರುತ್ತವೆ. ಕೂತಲ್ಲಿ ಕೂರಲೂ ಆಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಅವಳನ್ನು ನೋಡಿ ಬರುವುದು. ಇವತ್ತು ಇನ್ನೂ ಕೇಳಿಲ್ಲ. ಕೇಳುತ್ತಾಳೆ. ನಿನ್ನೆ ಬಂದ ಮಾತು ಇವತ್ತು ಎಲ್ಲಿಗೆ ಹೋಗುತ್ತದೆ?

ಸೃಷ್ಟಿ ನನ್ನ ಮಗ ಮಂಜುನಾಥನ ಮಗಳು. ಸೊಸೆ ರೇಣುಕಾ ಕಲಘಟಗಿಯವಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕೆಂದು ಕುಬುಸ ಮಾಡಿ, ಹಸಿರು ಬಳೆ ಇಡಿಸಿ ಕಳಿಸಿಕೊಟ್ಟೆವು. ಬೀಗರು ಆಗಲೇ ಬಣ್ಣದ ತೊಟ್ಟಿಲು ಮಾಡಲು ಹೇಳಿ ಬಂದಿದ್ದರು. ತೊಟ್ಟಿಲಿನ ಬಣ್ಣ ಒಣಗುವ ಮೊದಲೇ ಕೂಸು ಹುಟ್ಟಿತು.

ರೇಣುಕಾಳ ಬಿ.ಪಿ. ಏರಿತ್ತು. ಮುಖ, ಕಾಲು ಬಾತಿದ್ದವು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ದರು, ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಇನ್ನೂ ಎರಡು ತಿಂಗಳು ಹೊಟ್ಟೆಯಲ್ಲಿರಬೇಕಾಗಿದ್ದ ಕೂಸು. ನಾನೂ ನಮ್ಮ ಯಜಮಾನರೂ ಹೋಗಿ ಮುಟ್ಟುವ ಹೊತ್ತಿಗೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಾಗಿತ್ತು. ಕೈ ತೊಳೆಸಿ, ಹಸಿರು ಅಂಗಿ ಹಾಕಿಸಿ ಒಳಗೆ ಬಿಟ್ಟರು. ನನ್ನ ಅಂಗೈಯಿಂದ ಮೊಣಕೈಯವರೆಗೆ ಇಟ್ಟರೆ ಮುಗಿಯಿತು, ಅಷ್ಟು ಕೂಸು. ಮೂಗಿಗೆ ನಳಿಕೆ, ಕಣ್ಣಿಗೆ ಪಟ್ಟಿ, ಕಾಮಾಲೆಗೆಂದು ಮೇಲೆ ನೀಲಿ ಬೆಳಕು. ಆ ವಾರದಲ್ಲೇ ಫಿಟ್ಸ್ ಬಂದವು.

ಹೊರಗೆ ಉದ್ದನೆಯ ಜಾಗದಲ್ಲಿ ನಾವೆಲ್ಲ ಚಾಪೆ ಹಾಸಿಕೊಂಡು ಕೂತಿರುತ್ತಿದ್ದೆವು. ಒಳಗಿನ ಕೂಸುಗಳಿಗೆ ಹೆಸರಿಲ್ಲ, ತಾಯಿಯ ಹೆಸರಿನಿಂದಲೇ ಕೂಗುತ್ತಿದ್ದರು. "ರೇಣುಕಾ ಬೇಬಿ ಯಾರ್ರಿ?" ಎಂದರೆ ನಾನು ಎದ್ದು ನಿಲ್ಲುತ್ತಿದ್ದೆ. ಆಚೆ ಮೂಲೆಯಲ್ಲಿ ಇನ್ನೊಬ್ಬ ಮುದುಕಿಯೂ ಎದ್ದು ನಿಲ್ಲುತ್ತಿದ್ದಳು. ಅವಳ ಮಗಳೂ ರೇಣುಕಾ. ಇಬ್ಬರೂ ಬಾಗಿಲಿಗೆ ಓಡುತ್ತಿದ್ದೆವು. ಕರೆದದ್ದು ನನ್ನನ್ನಲ್ಲ ಎಂದು ತಿಳಿದಾಗ ಒಂದು ಉಸಿರು ಹಗುರಾಗುತ್ತಿತ್ತು. ಆಮೇಲೆ ಆ ಮುದುಕಿಯ ಮುಖ ನೋಡಿ ನಾಚಿಕೆಯಾಗುತ್ತಿತ್ತು.

ಅದೇ ಹೊತ್ತಿಗೆ ಕಲಘಟಗಿಯ ಬೀಗಿತ್ತಿ ಫೋನು ಮಾಡಿ ತೊಟ್ಟಿಲು ಮನೆಗೆ ಬಂತೆಂದು ಅತ್ತಳು. ಖಾಲಿ ತೊಟ್ಟಿಲು ತೂಗಬಾರದು, ಖಾಲಿ ಇಡಲೂ ಬಾರದು. ಹೆಸರಿಡುವ ದಿನ ಕೂಸಿಗಿಂತ ಮುಂಚೆ ತೊಟ್ಟಿಲಿಗೆ ಹಾಕುವ ಗುಂಡುಕಲ್ಲನ್ನೇ ಅರಿವೆಯಲ್ಲಿ ಸುತ್ತಿ ಮಲಗಿಸಿದ್ದೇನೆ ಎಂದಳು. ನಾನು ಹೂಂ ಎಂದೆ. ಆ ಕಲ್ಲು ನಮ್ಮ ಕೂಸಿಗಿಂತ ತೂಕವಿತ್ತು.

ಅಂತೂ ಕೂಸು ಉಳಿಯಿತು. ಚಮಚೆಯಿಂದ ಹಾಲು ಕುಡಿಯಿತು, ಆಮೇಲೆ ತಾನೇ ಕುಡಿಯಲು ಕಲಿಯಿತು. ಮನೆಗೆ ಕಳಿಸುವ ದಿನ ಡಾಕ್ಟರ್ ಮೇಡಂ ಮಂಜುನನ್ನು ಕರೆದು ಕೂರಿಸಿಕೊಂಡು ಹೇಳಿದರು.

"ದಿನಾ ತುಂಬೂ ಮೊದಲ ಹುಟ್ಟೇತಿ, ತೂಕ ಕಡಿಮಿ, ಫಿಟ್ಸ್ ಬೇರೆ ಬಂದಾವ. ಇಂಥಾ ಕೂಸಿಗೆ ಮುಂದ ಬೆಳವಣಿಗಿ ಒಳಗ, ಮಾತಿನೊಳಗ ತೊಂದ್ರಿ ಬರೂ ರಿಸ್ಕ್ ಸ್ವಲ್ಪ ಹೆಚ್ಚ ಇರತೈತಿ. ರಿಸ್ಕ್ ಅಂದ್ರ ಆಗೇ ಆಗತೈತಿ ಅಂತಲ್ರಿ. ಭಾಳ ಕೂಸು ಅಗದಿ ಚಲೋ ಬೆಳಿತಾವ. ಆದ್ರ ಕಣ್ಣಿಟ್ಟ ನೋಡ್ಕೋತ ಇರ್ರಿ. ಕರದಾಗ ಕರಕೊಂಡ ಬರ್ರಿ."

ನಮ್ಮ ಕಡೆ ರಿಸ್ಕ್ ಎಂದರೆ ಮಳೆ ನೋಡದೆ ಹೆಸರುಕಾಳು ಬಿತ್ತುವುದು. ಒಮ್ಮೆ ಮೊಳಕೆ ಒಡೆದು ನಿಂತಿತೆಂದರೆ ರಿಸ್ಕ್ ಮುಗಿಯಿತು. ಸೃಷ್ಟಿ ಮೈಕೈ ತುಂಬಿಕೊಂಡಳು, ತಡವಾಗಿಯಾದರೂ ನಡೆದಳು. ಕಿವಿ ಪರೀಕ್ಷೆ, ಕಣ್ಣು ಪರೀಕ್ಷೆ ಎರಡೂ ಸರಿ ಬಂದವು. ನಾವು ಮೊಳಕೆ ಒಡೆಯಿತು ಎಂದುಕೊಂಡೆವು.

ರೇಣುಕಾ ಒಬ್ಬಳೇ ಹಾಗೆ ಅಂದುಕೊಳ್ಳಲಿಲ್ಲ.

"ಅತ್ತಿ, ಹೆಸರ ಹಿಡದ ಕರದ್ರ ತಿರಗಂಗಿಲ್ರೀ ಇಕಿ."

"ಯಾವ ಹೆಸರಿಗೆ ತಿರಗಬೇಕವಾ ಅದು?" ಎಂದು ನಾನು ನಕ್ಕಿದ್ದೆ. ಸೃಷ್ಟಿ ಎನ್ನುವುದು ರೇಣುಕಾಳೇ ಹುಡುಕಿ ಇಟ್ಟ ಹೆಸರು. ನನ್ನ ಬಾಯಲ್ಲಿ ಅದು ಸುಷ್ಟಿ, ನಮ್ಮ ಯಜಮಾನರ ಬಾಯಲ್ಲಿ ಸಿಷ್ಟಿ, ಬಾಜು ಮನೆಯ ಕಾಶವ್ವನ ಬಾಯಲ್ಲಿ ಬರೀ ಇಷ್ಟಿ. "ಮನಿ ತುಂಬ ಒಬ್ಬೊಬ್ರು ಒಂದೊಂದ ಕರದ್ರ ಕೂಸರ ಏನ ಮಾಡಬೇಕು?" ಎಂದಿದ್ದೆ. ರೇಣುಕಾ ನಗಲಿಲ್ಲ.

ಸೃಷ್ಟಿಯನ್ನು ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದರೆ ಆ ಬೆಲ್ಟು ತಿರುಗುವುದನ್ನೇ ನೋಡುತ್ತ ನಿಲ್ಲುತ್ತಿದ್ದಳು. ಹಿಟ್ಟು ಬೀಸಿ ಮುಗಿದು ಎಲ್ಲರೂ ಹೋದರೂ ಅಲ್ಲಿಂದ ಕದಲಿಸಲು ಆಗುತ್ತಿರಲಿಲ್ಲ. ಕರೆಂಟು ಹೋಗಿ ಬೆಲ್ಟು ನಿಂತರೆ ನೆಲಕ್ಕೆ ಬಿದ್ದು ಚೀರುತ್ತಿದ್ದಳು. ಓರಗೆಯ ಮಕ್ಕಳು ಬಂದರೆ ಅವರ ನಡುವಿನಿಂದ ಹಾದು ಹೋಗಿಬಿಡುತ್ತಿದ್ದಳು, ಅಲ್ಲಿ ಯಾರೂ ಇಲ್ಲವೇ ಇಲ್ಲ ಎನ್ನುವಂತೆ.

ಮೂರು ತುಂಬಿದ ಮೇಲೆ ಮಾತು ಬಂತು. ಅದೂ ಎಂಥ ಮಾತು! "ನೀರ ಬೇಕೇನ?"

ನಮ್ಮ ಮನೆಯಲ್ಲಿ ಯಾರು ಬಂದರೂ ಮೊದಲು ಚರಗಿಯಲ್ಲಿ ಕಾಲಿಗೆ ನೀರು, ಆಮೇಲೆ ಬೆಲ್ಲ, ಕುಡಿಯಲು ನೀರು. ಸೃಷ್ಟಿ ಅದನ್ನು ಕಲಿತುಬಿಟ್ಟಳೆಂದು ನನಗೆ ನೆಲಕ್ಕೆ ಕಾಲು ನಿಲ್ಲದ ಖುಷಿ. ಯಾರಾದರೂ ಬಂದು ಪಡಸಾಲೆಯಲ್ಲಿ ಕೂತರೆ ಸಾಕು, ಅವಳು ಬಂದು ಎಲ್ಲೋ ನೋಡುತ್ತ, ಗಂಟೆ ಹೊಡೆದಂತೆ ಸ್ಪಷ್ಟವಾಗಿ, "ನೀರ ಬೇಕೇನ?" ಎನ್ನುವಳು. ಅಣ್ಣಿಗೇರಿಯಿಂದ ನಮ್ಮ ಯಜಮಾನರ ಅಕ್ಕ ಬಂದಾಗ ಮೂಗಿನ ಮೇಲೆ ಬೆರಳಿಟ್ಟರು.

"ಹೆಣ್ಣ ಹುಡುಗಿ ಅಂದ್ರ ಹಿಂಗಿರಬೇಕ ನೋಡ. ಇನ್ನೂ ಕೂಸು, ಬಂದವರಿಗೆ ನೀರ ಕೇಳತೈತಿ! ಬ್ಯಾಡವಾ ನನ್ನ ಬಂಗಾರಾ, ಈಗರ ಕುಡದೇನಿ."

ಎಲ್ಲರೂ ಹಾಗೇ. "ಬ್ಯಾಡ ತಂಗಿ, ಆತು." "ಸಾಕವಾ, ಕುಡದ ಬಂದೇನಿ." ಕಾಶವ್ವ ಮಾತ್ರ ಕೊಂಕು ತೆಗೆದಿದ್ದಳು. "ಎಲ್ಲಾ ಕಲಿಸೀರಿ, 'ರಿ' ಒಂದ ಕಲಿಸಿಲ್ಲಲಾ. ದೊಡ್ಡವರಿಗೆ 'ಬೇಕೇನ್ರಿ' ಅನಬೇಕ ಬೇ, ಇಷ್ಟೀ." ನಾನೂ ಎದುರಿಗೆ ಕೂರಿಸಿಕೊಂಡು "ಬೇಕೇನ್ರಿ ಅನ್ನು, ಬೇಕೇನ್ರಿ" ಎಂದು ಹೇಳಿಕೊಟ್ಟೆ. ಅವಳು ಒಮ್ಮೆಯೂ 'ರಿ' ಹಚ್ಚಲಿಲ್ಲ.

ಬಂದವರು ಬೇಡವೆಂದ ಮೇಲೆ ಅವಳು ಪಡಸಾಲೆಯ ಮೂಲೆಗೆ ಹೋಗಿ ನೀರಿನ ಹರವಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳು. ಬೇಸಿಗೆಯಲ್ಲಿ ಮಣ್ಣಿನ ಹರವಿಯ ಮೈ ಬೆವರುತ್ತದಲ್ಲ, ಅದಕ್ಕೆ ನಾಲಿಗೆ ಹಚ್ಚುತ್ತಿದ್ದಳು. ನಾವು ನೋಡಿ ನಗುತ್ತಿದ್ದೆವು. ಇದನ್ನು ಬರೆಯುವಾಗ ಮತ್ತೆ ಎದ್ದು ಹೋಗಿ ಅವಳಿಗೆ ನೀರು ಕುಡಿಸಿ ಬಂದೆ.

ರೇಣುಕಾ ಹಟ ಹಿಡಿದು ಹುಬ್ಬಳ್ಳಿಗೆ ಹೊರಡಿಸಿದಳು. "ಇಷ್ಟ ಚಂದ ಮಾತಾಡೂ ಕೂಸಿಗೆ ದವಾಖಾನಿ ಯಾಕ?" ಎಂದು ಗೊಣಗುತ್ತಲೇ ನಾನೂ ಕುಂದಗೋಳದಲ್ಲಿ ಬಸ್ಸು ಬದಲಿಸಿ ಹೋದೆ. ಅದೇ ಡಾಕ್ಟರ್ ಮೇಡಂ. ಒಳಗೆ ಹೋಗಿ ಕೂತ ಕೂಡಲೇ ಸೃಷ್ಟಿ ಅವರ ಮೇಜಿನ ಹತ್ತಿರ ಹೋಗಿ, "ನೀರ ಬೇಕೇನ?" ಎಂದಳು. ನಾನು ಸೊಸೆಯ ಕಡೆ ನೋಡಿದೆ. ಹೇಳಲಿಲ್ಲವೇ ನಾನು ಎನ್ನುವ ಹಾಗೆ.

ಡಾಕ್ಟರ್ ಬೇಡ ಅನ್ನಲಿಲ್ಲ. ಮೇಜಿನ ಮೇಲಿದ್ದ ಲೋಟಕ್ಕೆ ನೀರು ಸುರಿದು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಸೃಷ್ಟಿ ಅವರ ಮುಖ ನೋಡಲಿಲ್ಲ. ಅವರ ಮಣಿಕಟ್ಟು ಹಿಡಿದು, ಒಂದು ವಸ್ತುವನ್ನು ಎಳೆದಂತೆ ಎಳೆದುಕೊಂಡು ಲೋಟಕ್ಕೆ ಬಾಯಿ ಹಚ್ಚಿ ಗಟಗಟ ಕುಡಿದಳು. ಲೋಟ ಖಾಲಿಯಾಯಿತು. ಮತ್ತೆ, "ನೀರ ಬೇಕೇನ?"

"ಅಮ್ಮಾರ," ಎಂದರು ಡಾಕ್ಟರ್ ಮೆತ್ತಗೆ, "ಈಕಿ ನನಗ ಕೇಳಿಲ್ರಿ. ಈಕಿಗೇ ನೀರಡಿಕಿ ಆಗೇತಿ."

ಒಮ್ಮೆಲೇ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಅರ್ಥವಾದದ್ದು ನಿಲ್ಲಲೇ ಇಲ್ಲ. ನಾನು ಅವಳಿಗೆ ನೀರು ಕುಡಿಸುವಾಗಲೆಲ್ಲ "ನೀರ ಬೇಕೇನ?" ಎಂದು ಕೇಳಿಯೇ ಕುಡಿಸುತ್ತಿದ್ದೆ. ಆ ಮಾತಿನ ಹಿಂದೆಯೇ ನೀರು ಬರುತ್ತದೆ. ಹಾಗಾದರೆ ನೀರು ಬರಬೇಕಾದರೆ ಆ ಮಾತು ಅನ್ನಬೇಕು. ಅದಕ್ಕೇ ಅದರಲ್ಲಿ 'ರಿ' ಇರಲಿಲ್ಲ. ಅದು ಬಂದವರಿಗೆ ನಾನು ಕೇಳುವ 'ಬೇಕೇನ್ರಿ' ಅಲ್ಲವೇ ಅಲ್ಲ, ಅವಳಿಗೆ ನಾನು ಕೇಳುವ 'ಬೇಕೇನ'. ಅವಳು ನೀರಡಿಸಿ ಬಂದು ಕೇಳಿದಾಗಲೆಲ್ಲ ಕೂತವರು ಅವಳ ಗಲ್ಲ ಸವರಿ ಬೇಡವೆಂದು ಕಳಿಸಿದ್ದರು. ಹರವಿಯ ಮೈಗೆ ನಾಲಿಗೆ ಹಚ್ಚಿದ್ದು ಆಟವಲ್ಲ.

ಅಲ್ಲಿಂದ ಮುಂದೆ ಎಷ್ಟು ಸಲ ಹುಬ್ಬಳ್ಳಿಗೆ ಹೋದೆವೋ ನೆನಪಿಲ್ಲ. ಆ ಬೆಂಚಿನ ಮೇಲೆ ಕೂರುವುದು, ಏಳುವುದು, ಸೃಷ್ಟಿ ಓಡಿದರೆ ಹಿಂದೆ ಓಡುವುದು. ಬೇರೆ ಮಕ್ಕಳೂ ಬರುತ್ತಿದ್ದರು. ಒಬ್ಬ ಹುಡುಗ ಮೈಮೇಲೆ ಅಂಗಿ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಅವನ ಆಯಿ ನವಲಗುಂದದವಳು, ಅವನು ಕಿತ್ತು ಒಗೆದ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಆರಾಮಾಗಿ ಕೂತಿರುತ್ತಿದ್ದಳು. ನಾನು ಕೇಳಿದೆ, "ಎಷ್ಟ ದಿನ ಬರಬೇಕಾಗತೈತ್ರಿ ಇಲ್ಲಿಗೆ?"

"ಲೆಕ್ಕ ಇಡಬ್ಯಾಡ್ರಿ," ಎಂದಳು. "ಬುತ್ತಿ ತರ್ರಿ."

ಅಂದೇ ತನ್ನ ಬುತ್ತಿ ಬಿಚ್ಚಿ ನನಗೂ ರೇಣುಕಾಳಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವಳ ಮೊಮ್ಮಗ ನಮ್ಮ ಸುತ್ತ ಬರಿಮೈಯಲ್ಲಿ ತಿರುಗುತ್ತಿದ್ದ. ರೇಣುಕಾ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡದ್ದು ಅಲ್ಲಿ, ಆ ಬೆಂಚಿನ ಮೇಲೆ. ಈಗ ನಾವೂ ಎರಡು ರೊಟ್ಟಿ ಹೆಚ್ಚೇ ಕಟ್ಟಿಕೊಂಡು ಹೋಗುತ್ತೇವೆ. ಹೊಸದಾಗಿ ಬಂದವರು ಮುಖದಿಂದಲೇ ತಿಳಿಯುತ್ತಾರೆ.

ಎಲ್ಲ ಪರೀಕ್ಷೆ ಮುಗಿದ ಮೇಲೆ ಡಾಕ್ಟರ್ ಮನೆಯವರೆಲ್ಲ ಬರ್ರಿ ಎಂದರು. ಆ ದಿನ ಆ ಶಬ್ದ ಹೇಳಿದರು. ಆಟಿಸಂ.

ಮಂಜು ಕೇಳಿದ, "ಇದಕ್ಕ ಔಷಧ ಏನೈತ್ರಿ ಮೇಡಂ? ಎಲ್ಲೈತಿ ಹೇಳ್ರಿ, ನಾ ಗಾಡಿ ತೊಗೊಂಡ ಹೋಗಿ ತರತೀನಿ." ಅವನು ಬಾಡಿಗೆ ಗಾಡಿಯಲ್ಲಿ ಮೆಣಸಿನಕಾಯಿ ಚೀಲ ಹೇರುವವನು. ಎಲ್ಲಿಂದಲಾದರೂ ಏನಾದರೂ ಹೇರಿಕೊಂಡು ಬರಬಹುದು ಎಂದು ಅವನ ನಂಬಿಕೆ.

"ಔಷಧ ಕೊಟ್ಟ ಇಳಸೂ ಜ್ವರ ಅಲ್ಲಪಾ ಇದು. ಈಕಿ ಇರೂದಽ ಹಿಂಗ. ಈಕಿ ಜೋಡಿ ಹೆಂಗ ಮಾತಾಡೂದು ಅಂತ ನಾವು ಕಲೀಬೇಕು, ಈಕಿಗೂ ಕಲಿಸಬೇಕು."

ರೇಣುಕಾಳ ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಬಸರಿದ್ದಾಗ ಮೆಣಸಿನಕಾಯಿ ಹೊಲಕ್ಕ ಹೋಗಿದ್ನಿರಿ. ಅದಕ್ಕ ಬಿ.ಪಿ. ಏರಿ, ಕೂಸು ಮೊದಲ ಹುಟ್ಟಿ... ಅದಕ್ಕೇನ್ರಿ?"

ಡಾಕ್ಟರ್ ಕುರ್ಚಿ ಜರುಗಿಸಿ ಅವಳ ಹತ್ತಿರ ಬಂದು ಕೂತರು. "ದಿನಾ ತುಂಬೂ ಮೊದಲ ಹುಟ್ಟಿದ ಕೂಸುಗಳನ್ನ ನಾವು ಹೆಚ್ಚ ಕಣ್ಣಿಟ್ಟ ನೋಡ್ತೀವಿ, ಅದು ಖರೆ. ಆದ್ರ ಇದರಿಂದನ ಇದು ಬಂತು ಅಂತ ಯಾರೂ ಬೊಟ್ಟ ಮಾಡಿ ಹೇಳಾಕ ಬರಂಗಿಲ್ಲ. ದಿನಾ ತುಂಬಿ ಹುಟ್ಟಿದ ಕೂಸಿಗೂ ಬರತೈತಿ. ನೀ ಏನೂ ಮಾಡಿಲ್ಲ ತಂಗಿ. ಕೇಳಿಸ್ತಿಲ್ಲೋ? ನೀ ಏನೂ ಮಾಡಿಲ್ಲ."

ಇದನ್ನು ಅವರು ನನ್ನ ಮುಂದೆ, ಮಂಜುನ ಮುಂದೆ ಹೇಳಿದರಲ್ಲ, ಅದು ದೊಡ್ಡದು. ಓಣಿಯಲ್ಲಿ ಆಗಲೇ ಬಾಯಿಗಳಿದ್ದವು. ಆ ದಿನದಿಂದ ಯಾರಾದರೂ ರೇಣುಕಾಳ ಹೊಲದ ಮಾತು ತೆಗೆದರೆ ನಾನೇ ಮುಂದೆ ನಿಂತು, "ಡಾಕ್ಟರ್ ಹೇಳ್ಯಾರ, ಅಕಿ ಏನೂ ಮಾಡಿಲ್ಲ" ಎನ್ನುತ್ತೇನೆ.

ನಮ್ಮ ಯಜಮಾನರು ಬಸ್ಸಿನಲ್ಲಿ ಬರುವಾಗ ಆ ಶಬ್ದವನ್ನೇ ಹೊರಳಿಸುತ್ತಿದ್ದರು. "ಆಟಿಸಂ ಅಂತ. ಆಟ ಅಂತೂ ಐತಲ್ಲ ಅದರಾಗ. ಆಡಿ ಬಿಡತೈತಿ ತಗೋ ಒಂದ ದಿನ." ನಾನು ನಕ್ಕೆ. ಮನೆ ಮುಟ್ಟಿದ ಮೇಲೆ ಅವರು ದನದ ಕೊಟ್ಟಿಗೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಎತ್ತಿನ ಬೆನ್ನಿನ ಮೇಲೆ ಕೈ ಇಟ್ಟು ನಿಂತಿದ್ದರು.

ಮಾತು ಕಲಿಸುವ ಮೇಡಂ ಬೇರೆ, ಇನ್ನೂ ಸಣ್ಣ ವಯಸ್ಸಿನ ಹುಡುಗಿ. ಅವಳು ಹೇಳಿದ್ದು ಕೇಳಲು ಸುಲಭ. "ಈಕಿಗೆ ಪ್ರಶ್ನಿ ಕೇಳೂದು ಕಡಿಮಿ ಮಾಡ್ರಿ. ಈಕಿ ಏನ ಅನಬೇಕೋ ಅದನ್ನ ನೀವ ಅನ್ರಿ. ನೀರ ಕೊಡೂ ಮುಂದ 'ಬೇಕೇನ' ಅನಬ್ಯಾಡ್ರಿ, 'ನನಗ ನೀರ ಬೇಕು' ಅನ್ರಿ. ಅಂದ ಕೂಡ್ಲೆ ಕೊಡ್ರಿ. ಈಕಿ ಅನ್ನಲಿ ಬಿಡಲಿ, ನೀರ ಮಾತ್ರ ತಡೀಬ್ಯಾಡ್ರಿ."

"ಪ್ರಶ್ನಿ ಬಿಟ್ಟ ನಮಗ ಮಾತಾಡಾಕಽ ಬರಂಗಿಲ್ಲಲ್ರಿ ಮೇಡಂ," ಎಂದರು ನಮ್ಮ ಯಜಮಾನರು.

ಸುಳ್ಳಲ್ಲ. ಬಸ್ಸಿನಿಂದ ಇಳಿಯುತ್ತಿರುವವನನ್ನು "ಬಂದ್ಯಾ?" ಎನ್ನುತ್ತೇವೆ. ಗಂಗಾಳದ ಮುಂದೆ ಕೂತವನನ್ನು "ಉಣ್ಣಾಕತ್ತೀಯೇನ?" ಎನ್ನುತ್ತೇವೆ. ಕೊಡ ಹಿಡಿದು ಹೊರಟವಳನ್ನು "ನೀರಿಗೇನ?" ಎನ್ನುತ್ತೇವೆ. ನಮ್ಮ ಯಜಮಾನರು ಸಂಜೆ ಹೊಲದಿಂದ ಬಂದು ಸೃಷ್ಟಿಯ ಎದುರು ಕೂತು ಬಾಯಿ ತೆರೆಯುವರು, "ಉಂಡ್..." ಎಂದು ಅಲ್ಲಿಗೇ ನಿಲ್ಲಿಸುವರು, ಮುಂದೆ ಏನು ಅನ್ನಬೇಕೋ ತಿಳಿಯದೆ ಮೀಸೆ ತಿರುವುವರು. ಮನೆಯಲ್ಲಿ ಒಂದಷ್ಟು ದಿನ ಎಲ್ಲರೂ ಅರ್ಧ ಮಾತೇ ಆಡಿದೆವು.

ನಾನು ಮಾತ್ರ ಬಿಡಲಿಲ್ಲ. ಲೋಟ ಅವಳ ಮುಂದೆ ಹಿಡಿದು, "ನನಗ ನೀರ ಬೇಕು." ರೊಟ್ಟಿ ಕೊಡುವಾಗ, "ನನಗ ರೊಟ್ಟಿ ಬೇಕು." ದಿನವೆಲ್ಲ ಇದೇ. ಒಂದು ದಿನ ಮಧ್ಯಾಹ್ನ ಹೀಗೇ ಅನ್ನುತ್ತಿರುವಾಗ ಕಾಶವ್ವ ಗೋಡೆಯಾಚೆಯಿಂದ ತುಂಬಿದ ತಂಬಿಗೆ ಹಿಡಿದು ಓಡಿ ಬಂದಳು.

"ಏನಾತ ಬೇ ನೀಲವ್ವಾ? ಬಿದ್ದೇನ ಎಲ್ಲರೆ? ಆಗಿಂದ ನೀರ ನೀರ ಅಂತ ಒದರಾಕತ್ತೀಯಲಾ! ಮನ್ಯಾಗ ಯಾರೂ ಇಲ್ಲೇನ ಇಕಿಗೆ ಹನಿ ನೀರ ಕೊಡವರು?"

"ನನಗಲ್ಲ ಬೇ. ನಾ ಅಕಿ ಪಾಲಿನ ಮಾತ ಆಡಾಕತ್ತೇನಿ."

"ನಿನಗ ಅಲ್ದಿದ್ರ 'ನನಗ' ಅಂತ ಯಾಕಂತಿ?"

ಕೂರಿಸಿ ಎಲ್ಲ ಹೇಳಿದೆ. 'ರಿ' ಇಲ್ಲದ 'ಬೇಕೇನ'ದ ಕತೆಯನ್ನೂ ಹೇಳಿದೆ. ಕಾಶವ್ವ ಎಲ್ಲ ಕೇಳಿದಳು. ತಂದ ತಂಬಿಗೆಯನ್ನು ಸೃಷ್ಟಿಯ ಮುಂದೆ ಇಟ್ಟು, ತಾನೂ ಒಂದು ಸಲ, "ನನಗ ನೀರ ಬೇಕು ಬೇ ಯವ್ವಾ" ಎಂದಳು. ಅಂದಿನಿಂದ ಅವಳ ಮನೆಯಲ್ಲೂ ಯಾರೂ ಸೃಷ್ಟಿಗೆ ಬೇಡ ಎನ್ನಲಿಲ್ಲ. ಕೇಳಿದಳೆಂದರೆ ಲೋಟ ಅವಳ ಕೈಗೇ ಹೋಗುತ್ತಿತ್ತು.

ಆದರೆ ಮಾತು ತಿರುಗಲಿಲ್ಲ. ಮಳೆಗಾಲ ಹೋಯಿತು, ಹೆಸರು ಬಿಡಿಸಿದ್ದಾಯಿತು, ಶೇಂಗಾ ಕಿತ್ತದ್ದಾಯಿತು. ಅವಳು ಅದೇ "ನೀರ ಬೇಕೇನ?" ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹೊಲಕ್ಕೆ ಹೋದರೆ ಮನೆಯಲ್ಲಿ ಏನಂದಳೋ ಎಂದು ಅರ್ಧ ಸಾಲಿಗೇ ಎದ್ದು ಬರುವೆ. ಮನೆಗೆ ಬಂದರೆ ರೇಣುಕಾ ನನ್ನ ಮುಖ ನೋಡಿಯೇ ತಲೆ ಅಲ್ಲಾಡಿಸುವಳು. ಇಲ್ಲ ಎಂದು. ನನಗೆ ಅರವತ್ತು ದಾಟಿದೆ. ನಾವು ಮನೆಯವರು, ಕಾಶವ್ವನ ಮನೆಯವರು ಇವಳ ಮಾತು ತಿಳಿದುಕೊಂಡೆವು ಸರಿ. ನಾಳೆ ಸಾಲೆಗೆ ಹೋಗುತ್ತಾಳೆ, ಬಸ್ಸಿನಲ್ಲಿ ಕೂರುತ್ತಾಳೆ, ಎಲ್ಲೋ ಯಾರೋ ಒಬ್ಬರ ಮುಂದೆ ನೀರಡಿಸಿ ನಿಂತು "ನೀರ ಬೇಕೇನ?" ಅನ್ನುತ್ತಾಳೆ. ಅವರು ಎಂಥ ಒಳ್ಳೆಯವರಿದ್ದರೂ ನಕ್ಕು "ಬ್ಯಾಡವಾ" ಎನ್ನುತ್ತಾರೆ. ನನ್ನ ಜೀವ ಅಲ್ಲಿ ಸಿಕ್ಕಿಕೊಂಡಿತ್ತು, ಆ ಒಂದು "ಬ್ಯಾಡವಾ"ದಲ್ಲಿ.

ನಿನ್ನೆ ಮುಂಜಾನೆ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದೆ. ಎರಡೂ ಕೈ ಖಾರ, ಬೆರಳೆಲ್ಲ ಉರಿ. ಹಿಂದಿನಿಂದ ಸೆರಗು ಜಗ್ಗಿದಂತಾಯಿತು. ತಿರುಗಿ ನೋಡಿದರೆ ಸೃಷ್ಟಿ. ನನ್ನ ಮುಖವನ್ನಲ್ಲ, ನನ್ನ ಕಿವಿಯ ಬುಗುಡಿಯನ್ನು ನೋಡುತ್ತ ನಿಂತಿದ್ದಳು.

"ನನಗ ನೀರ ಬೇಕು."

ನಾನು ಕೂತಲ್ಲೇ ಕೂತೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವಂತಿಲ್ಲ, ಕೈಯೆಲ್ಲ ಮೆಣಸಿನಕಾಯಿ. ಅವಳನ್ನು ಎತ್ತಿಕೊಳ್ಳುವಂತಿಲ್ಲ, ಮುಟ್ಟುವಂತಿಲ್ಲ, ಲೋಟ ಹಿಡಿದರೆ ಲೋಟಕ್ಕೂ ಖಾರ. ಕೈ ತೊಳೆಯಲು ಹೋದರೆ ಅಷ್ಟರಲ್ಲಿ ಆ ಮಾತು ಹಾರಿಹೋದರೆ? ತಡವಾದರೆ, ಇದೂ ಕೆಲಸಕ್ಕೆ ಬಾರದ ಮಾತೆಂದು ಬಿಟ್ಟುಬಿಟ್ಟರೆ?

"ರೇಣುಕಾ! ಏ ರೇಣುಕಾ! ನೀರ ತಾರಽ! ನೀರ!" ಎಂದು ಒದರಿದೆ. ಅವಳು ಒಲೆಯ ಮುಂದಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನನಗೇನೋ ಆಯಿತೆಂದು ಅವಳೂ ಬೆದರಿದ್ದಳು.

"ಏನಾತ್ರೀ ಅತ್ತಿ?"

"ಕೇಳಿದ್ಲು! ಅಕಿ ಕೇಳಿದ್ಲು!"

ಸೃಷ್ಟಿ ನಮ್ಮಿಬ್ಬರ ಗದ್ದಲ ತಾಳದೆ ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿಕೊಂಡೇ, ಸ್ವಲ್ಪ ಸಿಟ್ಟಿನಿಂದ, ಮತ್ತೊಮ್ಮೆ ಹೇಳಿದಳು. "ನನಗ ನೀರ ಬೇಕು."

ರೇಣುಕಾ ಲೋಟ ತುಂಬಿ ಕೊಟ್ಟಳು. ಸೃಷ್ಟಿ ಕುಡಿದಳು, ಲೋಟ ನೆಲಕ್ಕಿಟ್ಟಳು, ಹೊರಗೆ ಹೋದಳು. ಅವಳಿಗೆ ಅಷ್ಟೇ ಕೆಲಸ. ನಾವಿಬ್ಬರೂ ಅಲ್ಲೇ, ನನ್ನ ಕೈಯಲ್ಲಿ ಖಾರ, ಅವಳ ಕೈಯಲ್ಲಿ ಹಿಟ್ಟು, ಒಬ್ಬರನ್ನೊಬ್ಬರು ಮುಟ್ಟಲಾರದೆ ನಿಂತು ಅತ್ತೆವು, ನಕ್ಕೆವು.

ಆಮೇಲೆ ಸಕ್ಕರೆ ಹಂಚಿದ್ದು ಹೇಳಿದ್ದೇನೆ. ಕಾಶವ್ವ ಸಕ್ಕರೆ ತಿಂದು, "ನನ್ನ ತಂಬಿಗಿ ನೀರಿನ ಗುಣ ಅದು" ಎಂದು ಅರ್ಧ ಪಾಲು ತಾನೇ ತೆಗೆದುಕೊಂಡಳು. ಮಂಜು ಬ್ಯಾಡಗಿಗೆ ಚೀಲ ಇಳಿಸಲು ಹೋಗಿದ್ದ. ಫೋನಿನಲ್ಲಿ ಹೇಳಿದೆ. "ಕೇಳಿಸ್ತಿಲ್ಲೋ?" ಎಂದೆ. "ಗಾಡಿ ಬಾಜೂಕ ಹಚ್ಚೇನಿ," ಎಂದ. "ಇನ್ನೊಂದ ಸಲ ಹೇಳ ಯವ್ವಾ." ಇನ್ನೊಂದು ಸಲ ಹೇಳಿದೆ.

ಸಂಜೆ ಗೋಧಿ ಹುಗ್ಗಿ ಮಾಡಿದೆವು. ರೊಟ್ಟಿ, ಬದನೆಕಾಯಿ ಎಣಗಾಯಿ, ಮೊಸರು, ಹೊಸ ಮೆಣಸಿನಕಾಯಿ ಅರೆದ ರಂಜಕ. ದಿನವೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವ ಮನೆ ನಮ್ಮದು. ನಿನ್ನೆ ಮಂಜು ಬರುವವರೆಗೆ ಕಾದು ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಸೃಷ್ಟಿ ಯಾವಾಗಲೂ ಗೋಡೆಗೆ ಮುಖ ಮಾಡಿ, ತನ್ನದೇ ತಾಟಿನಲ್ಲಿ, ಹುಗ್ಗಿಗೆ ಮೊಸರು ತಾಗದಂತೆ ಉಣ್ಣುವವಳು. ನಿನ್ನೆಯೂ ಗೋಡೆಗೇ ಮುಖ. ಆದರೆ ಅವಳ ಬೆನ್ನು ನನ್ನ ಮೊಣಕಾಲಿಗೆ ಆನಿಕೊಂಡಿತ್ತು.

ನಮ್ಮ ಯಜಮಾನರು ಖುಷಿಯಲ್ಲಿ ನನ್ನ ರೊಟ್ಟಿಯ ಮೇಲೆ ರಂಜಕ ಜಾಸ್ತಿ ಹಾಕಿದರು. ಒಂದು ತುತ್ತಿಗೇ ನನಗೆ ಬಿಕ್ಕಳಿಕೆ ಹಿಡಿಯಿತು. ಒಂದರ ಹಿಂದೆ ಒಂದು. ಎಲ್ಲರೂ ನಕ್ಕರು. ಸೃಷ್ಟಿ ತಿರುಗಿದಳು. ಅವಳ ಮುಂದೆ ಅವಳ ಲೋಟ ತುಂಬಿಯೇ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀರ ಬೇಕೇನ?"

ನಗು ನಿಂತಿತು. ರೇಣುಕಾಳ ಕೈಯಲ್ಲಿ ಹುಗ್ಗಿಯ ಸೌಟು ಅಲ್ಲೇ ನಿಂತಿತು. ಮತ್ತೆ ಹಳೆಯದೇ ಬಂತೇ? ಮುಂಜಾನೆ ಬಂದದ್ದು ಸಂಜೆಗೇ ಹೋಯಿತೇ? ಅಥವಾ ಇದು ಬೇರೆಯೇ? ಇದರಲ್ಲೂ 'ರಿ' ಇರಲಿಲ್ಲ. ಆದರೆ ಆಯಿಗೆ ಯಾವ ಮೊಮ್ಮಗಳು 'ರಿ' ಹಚ್ಚುತ್ತಾಳೆ?

ನಮ್ಮ ಯಜಮಾನರು ತಡೆಯಲಾರದೆ, "ಯಾರಿಗೆ ಕೇಳಾಕತ್ತೀ..." ಎಂದವರು ಅಲ್ಲಿಗೇ ಬಾಯಿ ಮುಚ್ಚಿಕೊಂಡು ಮೀಸೆ ತಿರುವಿದರು.

ನಾನು ಲೋಟಕ್ಕೆ ಕೈ ಚಾಚಿದೆ. ಅವಳು ಬಿಟ್ಟುಕೊಟ್ಟಳು. ಅರ್ಧ ಕುಡಿದೆ. ಉಳಿದ ಅರ್ಧವನ್ನು ಅವಳ ಮುಂದೆ ಹಿಡಿದೆ. ಅದನ್ನು ಅವಳು ಕುಡಿದಳು. ಕುಡಿದು, ಮತ್ತೆ ಗೋಡೆಗೆ ಮುಖ ಮಾಡಿ ನನಗೆ ಬೆನ್ನು ಆನಿಸಿ ಕೂತಳು.

ನನ್ನ ಬಿಕ್ಕಳಿಕೆ ನಿಂತಿತ್ತು. ರೇಣುಕಾ ಸೌಟು ಎತ್ತಿ ಎಲ್ಲರ ತಾಟಿಗೂ ಇನ್ನೊಮ್ಮೆ ಹುಗ್ಗಿ ಬಡಿಸಿದಳು, ಬೇಕೇನ ಎಂದು ಯಾರನ್ನೂ ಕೇಳದೆ.